ಬೆನ್ನಿಗೆ ಕಿವಿ ಇಟ್ಟು ಕೇಳುತ್ತಿದ್ದ ಡಾಕ್ಟರು

ನಮ್ಮ ಡಾಕ್ಟರ ಬಲಗಿವಿ ಎಡಗಿವಿಗಿಂತ ಕೆಂಪು. ಬೆಳಿಗ್ಗೆ ದವಾಖಾನೆಯ ಬಾಗಿಲು ತೆಗೆಯುವಾಗ ಎರಡೂ ಒಂದೇ ಬಣ್ಣ ಇರುತ್ತಿದ್ದವು. ಮಧ್ಯಾಹ್ನ ಊಟಕ್ಕೆ ಏಳುವ ಹೊತ್ತಿಗೆ ಬಲಗಿವಿಯ ಹಾಲೆ ಹಣ್ಣಾದ ಕಾಫಿಯ ಹಾಗೆ ಆಗಿರುತ್ತಿತ್ತು. ರೋಗಿ ಹೇಳುವ ಮಾತಿನಲ್ಲಿ ಅನುಮಾನ ಬಂದರೆ ಅವರು ಆ ಹಾಲೆಯನ್ನು ಬೆರಳಲ್ಲಿ ಹಿಡಿದು ಉಜ್ಜುತ್ತಿದ್ದರು. ಅವರಿಗೆ ಅನುಮಾನ ಬರದ ರೋಗಿಯನ್ನು ನಾನಂತೂ ನೋಡಿಲ್ಲ. ಉಜ್ಜಿದ ಮೇಲೂ ಅನುಮಾನ ತೀರದಿದ್ದರೆ ಕೊರಳಲ್ಲಿದ್ದ ಸ್ಟೆತಾಸ್ಕೋಪನ್ನು ತೆಗೆದು ಮೇಜಿನ ಮೇಲಿಟ್ಟು, ರೋಗಿಯ ಬೆನ್ನ ಮೇಲೆ ಬಿಳಿ ಕರವಸ್ತ್ರ ಹಾಸಿ, ಅದರ ಮೇಲೆ ಅದೇ ಕಿವಿಯನ್ನು ಒತ್ತಿ ಕಣ್ಣು ಮುಚ್ಚುತ್ತಿದ್ದರು.

"ಈ ರಬ್ಬರ್ ನಳಿಗೆ ಸಹ ನಡುವಿನವ ಮಾರಾಯ. ನಡುವಿನವರ ಮಾತು ನಾನು ನಂಬುದಿಲ್ಲ" ಎನ್ನುತ್ತಿದ್ದರು.

ಕೊಡಗು ತನ್ನದೇ ಒಂದು ರಾಜ್ಯವಾಗಿದ್ದ ಕಾಲ ಅದು. ಡಾಕ್ಟರು ಪುತ್ತೂರು ಕಡೆಯಿಂದ ಬಂದು ಶ್ರೀಮಂಗಲದಲ್ಲಿ ಸ್ವಂತ ದವಾಖಾನೆ ಇಟ್ಟಿದ್ದರು. ವಾರಕ್ಕೊಮ್ಮೆ ಹಳೇ ಮೋಟಾರ್ ಸೈಕಲ್ ಹತ್ತಿ ಸುತ್ತಲಿನ ಕಾಫಿ ತೋಟಗಳಿಗೆ ಬರುತ್ತಿದ್ದರು. ಆಳುಗಳಲ್ಲಿ ಯಾರಿಗೆ ನಿಜವಾಗಿ ಕಾಯಿಲೆ, ಯಾರದ್ದು ಸೋಗು ಎಂದು ತೀರ್ಮಾನ ಮಾಡುವುದು ಅವರ ಕೆಲಸ. ಅವರು ಹೂಂ ಅಂದರೆ ರಜೆ, ಇಲ್ಲದಿದ್ದರೆ ಇಲ್ಲ. ಜ್ವರದ ಕಡ್ಡಿಯನ್ನು ಬಿಸಿ ಗಂಜಿಗೆ ಅದ್ದುವವರು ಆಳುಗಳ ಸಾಲುಮನೆಗಳಾದ ನಮ್ಮ ಲೈನಿನಲ್ಲೇ ಇದ್ದರು. ಅದಕ್ಕೆ ಅವರು ಕಡ್ಡಿ ಇಟ್ಟರೆ ತೆಗೆಯುವ ತನಕ ಕಣ್ಣು ಕದಲಿಸುತ್ತಿರಲಿಲ್ಲ. ಗುಳಿಗೆ ಕೊಟ್ಟರೆ ಎದುರಿಗೇ ನುಂಗಿಸಿ, ನಾಲಿಗೆ ಎತ್ತಿಸಿ ಅಡಿಯಲ್ಲಿ ನೋಡುತ್ತಿದ್ದರು. ಒಂದೇ ಪ್ರಶ್ನೆಯನ್ನು ಬರುವಾಗ ಒಮ್ಮೆ, ಮದ್ದು ಕೊಡುವಾಗ ಒಮ್ಮೆ, ಬಾಗಿಲ ಹತ್ತಿರ ಹಿಂದಿನಿಂದ ಕೂಗಿ ಒಮ್ಮೆ ಕೇಳುತ್ತಿದ್ದರು. ಉತ್ತರ ಬದಲಾದರೆ ಕೈ ಕಿವಿಗೆ ಹೋಗುತ್ತಿತ್ತು.

ನಾವೂ ಅವರನ್ನು ನಂಬುತ್ತಿರಲಿಲ್ಲ. ತೋಟದವರ ಅನ್ನ ತಿನ್ನುವ ಡಾಕ್ಟರು ಆಳುಗಳ ಪರ ಇರುತ್ತಾರೆಯೇ?

ನಾನು ಮತ್ತು ನನ್ನ ಅಕ್ಕ ಹಾಸನದ ಕಡೆಯವರು. ಅಪ್ಪ ಅವ್ವ ಇಬ್ಬರೂ ಹೋದ ಮೇಲೆ, ಗಂಡನನ್ನೂ ಕಳೆದುಕೊಂಡಿದ್ದ ಅಕ್ಕ ನನ್ನನ್ನು ಕರೆದುಕೊಂಡು ಈ ತೋಟಕ್ಕೆ ಬಂದಿದ್ದಳು. ಆಳುಗಳ ಲೈನಿನಲ್ಲಿ ನಮಗೊಂದು ಕೋಣೆ. ಆ ವರ್ಷ ನನಗೆ ಮೀಸೆ ಬಲಿತಿತ್ತು, ಅಕ್ಷರ ಒಂದೂ ಬರುತ್ತಿರಲಿಲ್ಲ. ನೆರಳು ಮರಗಳ ಕೊಂಬೆ ಕಡಿಯುವ ಮರಗಸಿ ಕೆಲಸಕ್ಕೆ ಹೋಗುತ್ತಿದ್ದೆ. ಅಕ್ಕ ಕಾಫಿ ಕೊಯ್ಯುತ್ತಿದ್ದಳು, ಕಾಫಿ ಮುಗಿದ ಮೇಲೆ ಮೆಣಸಿನ ಕಣಕ್ಕೆ.

ಮೆಣಸಿನ ಕಣ ನೋಡದವರಿಗೆ ಹೇಳುತ್ತೇನೆ. ಬಳ್ಳಿಯಿಂದ ಇಳಿಸಿದ ಕರಿಮೆಣಸಿನ ಗೊಂಚಲುಗಳನ್ನು ರಾಶಿ ಹಾಕಿ ಹೆಂಗಸರು ಕಾಲಲ್ಲಿ ತುಳಿಯುತ್ತಾರೆ. ಕಾಳು ಬಿಡುತ್ತದೆ. ಒಣಗಿಸಿ, ತೂರಿ, ಗೋಣಿಗೆ ತುಂಬುವಾಗ ಏಳುವ ಧೂಳು ಕಣ್ಣು, ಮೂಗು, ಗಂಟಲು ಎಲ್ಲ ಕಡೆ ಹೊಕ್ಕು ಉರಿಯುತ್ತದೆ. ಅಕ್ಕನಿಗೆ ಮೊದಲ ಸಲ ಉಬ್ಬಸ ಬಂದದ್ದು ಆ ಧೂಳಿನಲ್ಲೇ. ಅದನ್ನು ಯಾರೂ ಸುಳ್ಳು ಎನ್ನಲಿಲ್ಲ.

ಅನುಮಾನ ಹುಟ್ಟಿದ್ದು ಮುಂದಿನ ವರ್ಷ. ತೋಟದಲ್ಲಿ ಹಾಜರಿ ಬರೆದು ಕೆಲಸ ಹಂಚುವವರನ್ನು ರೈಟರು ಎನ್ನುತ್ತಾರೆ. ನಮ್ಮ ರೈಟರು ಬೆಳಿಗ್ಗೆ ಹಾಜರಿ ಕರೆಯುತ್ತಾ ಅಕ್ಕನ ಹೆಸರು ಹೇಳಿ "ಮೆಣಸಿನ ಕಣ" ಅಂದರು. ಅಷ್ಟೇ. ಅಕ್ಕ ಅಲ್ಲೇ ನಿಂತವಳು ಎದೆ ಹಿಡಿದುಕೊಂಡಳು. ಭುಜ ಮೇಲೆ ಕೆಳಗೆ ಆಡತೊಡಗಿತು. ಕಣ ಗುಡ್ಡದ ಆಚೆ ಇತ್ತು, ಇಲ್ಲಿ ಇಬ್ಬನಿ ಬಿಟ್ಟರೆ ಏನೂ ಇರಲಿಲ್ಲ.

"ಓಹೋ! ಹೆಸರು ಕರೆದ್ರೆ ದಮ್ಮು ಬರ್ತದೆ ಇವಳಿಗೆ" ಎಂದು ರೈಟರು ನಕ್ಕರು. ಹಾಜರಿಗೆ ನಿಂತಿದ್ದವರೂ ನಕ್ಕರು. "ಸಂಬಳ ಅಂತ ಕರೀರಿ ರೈಟರೇ, ವಾಸಿ ಆಗ್ತಾಳೆ" ಎಂದು ಹಿಂದಿನಿಂದ ಯಾರೋ ಕೂಗಿದರು.

ರೈಟರನ್ನೂ ಪೂರ್ತಿ ತಪ್ಪೆನ್ನುವ ಹಾಗಿಲ್ಲ. ಮಳೆ ಬೀಳುವುದರೊಳಗೆ ಮೆಣಸು ಒಣಗಬೇಕು, ಆಳು ಸಾಲದು. ಒಬ್ಬಳನ್ನು ಬಿಟ್ಟರೆ ನಾಳೆ ಎಲ್ಲರಿಗೂ ದಮ್ಮು. ಅವರು ತೋಟದ ಒಡೆಯರಾದ ಸಾವ್ಕಾರರಿಗೆ ದೂರು ಕೊಟ್ಟರು. ಕೊಡವರಾದ ನಮ್ಮ ಸಾವ್ಕಾರರು ಮುಂಗೋಪದವರು, ಆದರೆ ನ್ಯಾಯ ಗೊತ್ತಿದ್ದವರು. "ಡಾಕ್ಟ್ರು ನೋಡ್ಲಿ. ನಾಟಕ ಅಂತಾದ್ರೆ ಹೆಸರು ಹೊಡ್ದು ಹಾಕಿ, ಲೈನ್ ಖಾಲಿ ಮಾಡ್ಸಿ" ಎಂದರು. ಹೆಸರು ಹೋದರೆ ಕೋಣೆಯೂ ಹೋದಂತೆ. ಊರಲ್ಲಿ ನಮಗೆ ಕಾಲಿಡಲು ಜಾಗ ಉಳಿದಿರಲಿಲ್ಲ. ಕದ್ದು ಸಿಕ್ಕಿಬಿದ್ದವರ ಹಾಗೆ ಬೇರೆ ತೋಟದ ಬಾಗಿಲಿಗೆ ಹೋದರೆ ಯಾರು ಸೇರಿಸಿಕೊಳ್ಳುತ್ತಾರೆ?

ಡಾಕ್ಟರು ಬಂದ ದಿನ ನಮ್ಮನ್ನು ಬಂಗಲೆಯ ಅಂಗಳಕ್ಕೆ ಕರೆಸಿದರು. ಜಗಲಿಯ ಮೇಲೆ ಸಾವ್ಕಾರರು, ಪಕ್ಕದಲ್ಲಿ ರೈಟರು. ಮೆಟ್ಟಿಲ ಹತ್ತಿರ ಬಾಯಿ ಕಟ್ಟಿದ ಒಂದು ಉಬ್ಬಿದ ಗೋಣಿ.

"ನಿನ್ನೆ ತುಳಿದ ಮೆಣಸು. ಇದರ ಹಗ್ಗ ಬಿಚ್ಚಿ, ಒಂದು ಮುಷ್ಟಿ ತೆಗೆದು ನನಗೆ ಕೊಡು, ಸಾಕು" ಎಂದರು ಡಾಕ್ಟರು.

ಅಕ್ಕ ನನ್ನನ್ನು ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಗೋಣಿಯ ಮುಂದೆ ಕೂತಳು. ಹಗ್ಗಕ್ಕೆ ಬೆರಳು ಹಾಕಿದ್ದಷ್ಟೇ. ಕೊರಳಿನ ನರಗಳು ಎದ್ದು ನಿಂತವು. ಪ್ರತಿ ಉಸಿರಿಗೂ ಕೊರಳ ಗುಳಿ ಒಳಗೆ ಸೇದಿಕೊಳ್ಳುತ್ತಿತ್ತು, ತುಟಿ ನೇರಳೆಯಾಗುತ್ತಿತ್ತು. ಡಾಕ್ಟರು ಕಿವಿ ಉಜ್ಜುತ್ತಾ ಇಳಿದು ಬಂದರು. ಮೊದಲು ಸ್ಟೆತಾಸ್ಕೋಪ್ ಇಟ್ಟರು. ಆಮೇಲೆ ಅದನ್ನು ತೆಗೆದು ಕರವಸ್ತ್ರ ಹಾಸಿ ಕಿವಿ ಒತ್ತಿದರು. ಅವರ ಮುಖ ಬದಲಾದದ್ದನ್ನು ನಾನು ನೋಡಿದೆ.

ಅಷ್ಟರಲ್ಲಿ ರೈಟರು ಗೋಣಿಯ ಹಗ್ಗ ಎಳೆದು ಒದ್ದರು. ಒಳಗಿನಿಂದ ಬಿದ್ದದ್ದು ಬಂಗಲೆಯ ಒಗೆದ ಬಿಳಿ ಹಾಸಿಗೆ ಬಟ್ಟೆಗಳು. ಮೆಣಸಿನ ಒಂದು ಕಾಳೂ ಇರಲಿಲ್ಲ. ಗೋಣಿಯನ್ನೂ ಡಾಕ್ಟರು ಕುದಿಯುವ ನೀರಲ್ಲಿ ತೊಳೆಸಿ ಒಣಗಿಸಿದ್ದರಂತೆ, ಅದು ಆಮೇಲೆ ತಿಳಿಯಿತು.

"ಸಿಕ್ಕಿಬಿದ್ಳು!" ಎಂದು ರೈಟರು ಚಪ್ಪಾಳೆ ತಟ್ಟಿದರು. "ಬಟ್ಟೆ ನೋಡಿ ದಮ್ಮು! ಡಾಕ್ಟ್ರೇ, ಭಲೇ ಉಪಾಯ ಮಾಡಿದ್ರಿ."

ಅಕ್ಕ ಆ ಬಟ್ಟೆಗಳನ್ನು ನೋಡಿದ ನೋಟ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಉಸಿರು ಸಿಗದೆ ಒದ್ದಾಡುತ್ತಿದ್ದವಳು ಬಟ್ಟೆಯ ಒಂದು ಮೂಲೆಯನ್ನು ಮುಟ್ಟಿ ನೋಡಿದಳು.

ಡಾಕ್ಟರು ಅವಳ ತೋಳಿಗೆ ಸೂಜಿ ಚುಚ್ಚಿ, ಉಸಿರು ಸಡಿಲವಾಗುವ ತನಕ ಅಂಗಳದಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದರು. ಆಮೇಲೆ ಎದ್ದು, "ಶಬ್ದ ಉಂಟು ಸಾವ್ಕಾರ್ರೇ. ಎದೆ ಒಳಗೆ ಕೊಳಲು ಊದಿದ ಹಾಗೆ. ಅದನ್ನು ಬೇಕಂತ ಮಾಡ್ಲಿಕ್ಕೆ ಯಾರಿಂದಲೂ ಆಗುದಿಲ್ಲ. ಸುಳ್ಳು ನನ್ನ ಗೋಣಿದು, ಇವಳದ್ದಲ್ಲ" ಎಂದರು.

ಸಾವ್ಕಾರರು ತಲೆ ಅಲ್ಲಾಡಿಸಿದರು. "ಎಂತ ಡಾಕ್ಟ್ರೇ, ಮೆಣಸೇ ಇಲ್ದೆ ಮೆಣಸಿನ ದಮ್ಮಾ? ಪರೀಕ್ಷೆ ಮಾಡಿದ್ದೂ ನೀವೇ, ಈಗ ಅಲ್ಲ ಅನ್ನೋದೂ ನೀವೇ. ವಾರ ಕಳೀಲಿ, ನೋಡುವ."

ಲೈನಿಗೆ ಸುದ್ದಿ ನಮಗಿಂತ ಮೊದಲೇ ಮುಟ್ಟಿತ್ತು. ಪಕ್ಕದ ಕೋಣೆಯವಳು ಒಣಗಲು ಹಾಕಿದ್ದ ಪಂಚೆಯನ್ನು ಹಿಡಿದು, "ತೆಗೀಲಾ ಅಕ್ಕ? ಇದನ್ನ ಕಂಡ್ರೆ ನಿಂಗೆ ಆಗ್ಬರಲ್ವಲ್ಲ" ಎಂದಳು. ನನಗೆ ಸಿಟ್ಟೆಲ್ಲ ಡಾಕ್ಟರ ಮೇಲೆ. ಸಾವ್ಕಾರರ ಜೊತೆ ಸೇರಿ ಮೊದಲು ಗುಂಡಿ ತೋಡಿ, ಆಮೇಲೆ ಮರುಕದ ಮಾತಾಡಿದ ಮನುಷ್ಯ ಎಂದುಕೊಂಡೆ.

ಅಕ್ಕ ಮಾತ್ರ ಯಾರನ್ನೂ ಬಯ್ಯಲಿಲ್ಲ. ಹೊಸ್ತಿಲ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟು ಕೇಳಿದಳು: "ಲೇ ತಮ್ಮ, ನಾನೇ ಬೇಕಂತ ಮಾಡ್ತಿದೀನೇನ್ಲಾ?"

"ನಿಂಗೇನ್ ತಲೆ ಕೆಟ್ಟಿದ್ಯಾ ಅಕ್ಕ?"

"ಬಟ್ಟೆ ಇತ್ತು ಕಣ್ಲಾ ಒಳಗೆ. ಬಟ್ಟೆ! ನಂಗೇ ನನ್ ಮ್ಯಾಲೆ ನಂಬ್ಕೆ ಹೋಯ್ತು. ಕಣಕ್ಕೆ ಹೋಗಕ್ಕೆ ಇಷ್ಟ ಇಲ್ದೆ ಒಳಗೊಳಗೇ ನಾಟ್ಕ ಆಡ್ತಿದೀನೋ ಏನೋ. ನಾಟ್ಕ ಆದ್ರೆ ನಿಲ್ಸಕ್ಕೂ ಆಗ್ಬೇಕಲ್ವಾ?"

ಅದನ್ನು ಅವಳು ಬಾಯಿ ಮಾತಿಗೆ ಹೇಳಿರಲಿಲ್ಲ. ಮರುದಿನ ನಾನು ಮರ ಹತ್ತಿದ್ದಾಗ, ಯಾರೂ ಹೆಸರು ಕರೆಯದೆಯೇ ಮೆಣಸಿನ ಕಣಕ್ಕೆ ನಡೆದು, ಸೀರೆ ಎತ್ತಿ ಕಟ್ಟಿ, ರಾಶಿಯ ಮೇಲೆ ಹತ್ತಿ ತುಳಿಯತೊಡಗಿದಳು. ಉಸಿರು ಕಟ್ಟಿದರೂ ನಿಲ್ಲಿಸಲಿಲ್ಲವಂತೆ. "ನಿಲ್ಲು, ನಿಲ್ಲು" ಎಂದು ತನ್ನ ಎದೆಗೇ ಹೇಳಿಕೊಳ್ಳುತ್ತಾ ತುಳಿಯುತ್ತಿದ್ದಳು ಎಂದು ಜೊತೆಯವರು ಹೇಳಿದರು. ನನ್ನನ್ನು ಕೂಗಿ ಕರೆಯುವ ಹೊತ್ತಿಗೆ ರಾಶಿಯ ಮೇಲೆ ಮಗುಚಿ ಬಿದ್ದಿದ್ದಳು, ಕೈಕಾಲು ತಣ್ಣಗಾಗಿತ್ತು. ಸಾವ್ಕಾರರ ಜೀಪಿನಲ್ಲೇ ಶ್ರೀಮಂಗಲಕ್ಕೆ ಒಯ್ದೆವು. ದಾರಿಯುದ್ದಕ್ಕೂ ಆ ಕೊಳಲು ನನಗೂ ಕೇಳುತ್ತಿತ್ತು. ತಿರುವಿನಲ್ಲೆಲ್ಲೋ ಅದು ತೆಳ್ಳಗಾಗುತ್ತಾ ಬಂದಾಗ ಹೆಚ್ಚು ಹೆದರಿದೆ.

ಡಾಕ್ಟರು ಅವಳನ್ನು ಉಳಿಸಿದರು. ಅದು ಬರೆಯುವಷ್ಟು ಸುಲಭವಾಗಿರಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಅಕ್ಕ ಗೋಡೆಗೆ ಒರಗಿ ಕೂರುವಂತಾದಳು.

"ಎಂತ ಮಾಡ್ಲಿಕ್ಕೆ ಹೋದದ್ದು ನೀನು?" ಎಂದು ಡಾಕ್ಟರು ಕೇಳಿದರು.

"ನಾಟ್ಕಾನಾ ನಿಜಾನಾ ಅಂತ ನೋಡಕ್ಕೆ, ಸೋಮಿ."

 ಡಾಕ್ಟರು ಸ್ಟೂಲು ಎಳೆದುಕೊಂಡು ಅವಳ ಹತ್ತಿರ ಕೂತರು. ಅವರು ಒಂದೇ ಪ್ರಶ್ನೆಯನ್ನು ಮತ್ತೆ ಕೇಳದೆ ಬಿಟ್ಟದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ನಿನ್ನ ಎದೆ ಬಡೀತಾ ಉಂಟಲ್ಲ, ಅದನ್ನು ಸ್ವಲ್ಪ ನಿಲ್ಲಿಸು ನೋಡುವ."

"ಅದೆಂಗಾಯ್ತದೆ ಸೋಮಿ?"

"ಇದೂ ಹಾಗೇ. ತಲೆಯಿಂದ ಒಂದು ನರ ಕುತ್ತಿಗೆಯಲ್ಲಿ ಇಳಿದು ಎದೆಗೆ ಬರ್ತದೆ. ಗಾಳಿ ಓಡಾಡುವ ಕೊಳವೆಗಳನ್ನು ಬಿಗಿ ಮಾಡುದು ಅದು. ಹೊಗೆಯೋ ಧೂಳೋ ಬಂದ್ರೆ ಒಳಗೆ ಬಿಡ್ಬಾರ್ದು ಅಂತ ಬಿಗೀತದೆ. ಎಲ್ಲರಲ್ಲೂ ಅದು ಉಂಟು. ಮೊದಲ ವರ್ಷ ಧೂಳಿಂದ ನಿನ್ನ ಕೊಳವೆ ಒಳಗೆಲ್ಲ ಊದಿಕೊಂಡಿತ್ತು. ಆಗ ನರಕ್ಕೆ ಪಾಠ ಆಗಿದೆ. ಈಗ ಗೋಣಿ ಕಂಡ್ರೆ, ಹೆಸರು ಕೇಳಿದ್ರೆ ಸಾಕು, ಧೂಳು ಬರುವ ಮೊದ್ಲೇ ಬಾಗಿಲು ಹಾಕ್ತದೆ. ಅದು ನಿನ್ನನ್ನು ಕೇಳಿ ಮಾಡುದಲ್ಲ. ನಿಲ್ಲು ಅಂದ್ರೆ ನಿಲ್ಲುದೂ ಇಲ್ಲ."

"ಅಂಗಾದ್ರೆ ನಾನು ಸುಳ್ಳಿ ಅಲ್ವಾ?"

"ಅಲ್ಲ." ಕೈ ಕಿವಿಗೆ ಹೋಗಲಿಲ್ಲ. "ನಾನು ಸುಳ್ಳು ಹಿಡೀಲಿಕ್ಕೆ ಬಂದವ. ನನ್ನ ಕೈಗೆ ನಿಜ ಸಿಕ್ಕಿತು. ಹಿಡ್ಕೊಳ್ಳಲಿಕ್ಕೆ ಬರಲಿಲ್ಲ ನನಗೆ."

ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಉಬ್ಬಸ ಬಂದಾಗ ಅವಳು ಅತ್ತದ್ದಿಲ್ಲ.

ವಾರ ಕಳೆದು ಡಾಕ್ಟರು ತೋಟಕ್ಕೆ ಬಂದರು. ಮತ್ತೆ ಅದೇ ಜಗಲಿ, ಅದೇ ಜನ. ನಾನು ಅಂಗಳದಲ್ಲಿ ನಿಂತಿದ್ದೆ. ಈ ಸಲ ಅವರ ಚೀಲದಿಂದ ಹೊರಗೆ ಬಂದದ್ದು ಬಿರಡೆ ಹಾಕಿದ ಒಂದು ಬಾಟಲಿ, ಒಳಗೆ ಕಪ್ಪು ನೀರು.

"ಸಾವ್ಕಾರ್ರೇ, ಒಬ್ರು ರೋಗಿ ಕೊಟ್ಟ ಕಾಚಂಪುಳಿ. ಈ ವರ್ಷದ್ದೇ. ಹುಳಿಹಣ್ಣಿನ ರಸ ಕುದಿಸಿ ಕುದಿಸಿ ಜೇನಿನ ಹಾಗೆ ಗಟ್ಟಿ ಮಾಡಿದ್ದಾರೆ. ನಾಲಿಗೆ ತುದಿಗೆ ಒಂದು ತೊಟ್ಟು ಮುಟ್ಟಿಸಿದ್ರೆ ಕಿವಿ ಹಿಂದೆ ಜುಮ್ ಅಂತದೆ. ಹಂದಿ ಮಾಂಸ ಹುರಿದು ಇಳಿಸುವಾಗ ಇದನ್ನು ಸುರಿದ್ರೆ..."

ಕೊಡಗಿನಲ್ಲಿ ಹುಟ್ಟಿದವರ ಎದುರು ಈ ಮಾತು ಹೇಳಿ ನೋಡಿ. ಸಾವ್ಕಾರರ ಗಂಟಲ ಗಂಟು ಮೇಲೆ ಹೋಗಿ ಕೆಳಗೆ ಬಂತು. ರೈಟರು ಕಟವಾಯಿ ಒರೆಸಿಕೊಂಡರು. ಅಂಗಳದಲ್ಲಿದ್ದ ನಾನೂ ಎಂಜಲು ನುಂಗಿದೆ.

ಡಾಕ್ಟರು ಬಿರಡೆ ಕಿತ್ತು ಲೋಟಕ್ಕೆ ಬಗ್ಗಿಸಿ ರೈಟರ ಕೈಗೆ ಕೊಟ್ಟರು. ರೈಟರು ಬೆರಳು ಅದ್ದಿ ನೆಕ್ಕಿ ಮುಖ ಹುಳ್ಳಗೆ ಮಾಡಿದರು. "ಎಂತದಿದು? ಬರೀ ಹಾಲಿಲ್ಲದ ಕಾಫಿ!"

"ಹೌದಾ? ಹುಳಿ ಇಲ್ವಾ? ಹಾಗಾದ್ರೆ ಆಗ ಬಾಯಲ್ಲಿ ನೀರು ಬಂದದ್ದು ಯಾವುದಕ್ಕೆ? ಯಾರು ಹೇಳಿದ್ದು ನಿಮ್ಗೆ ನಾಟಕ ಆಡ್ಲಿಕ್ಕೆ?"

ರೈಟರು ಲೋಟ ಕೆಳಗಿಟ್ಟರು. ಡಾಕ್ಟರು ಅದನ್ನು ಎತ್ತಿಕೊಂಡು ಹೇಳಿದರು:

"ನಿಮ್ಮ ಬಾಯಿಗೆ ನೀರು ಬಿಟ್ಟದ್ದು ನರ. ಅವಳ ಉಸಿರಿಗೆ ಬಾಗಿಲು ಹಾಕಿದ್ದೂ ನರ. ನಿಮ್ಮದು ಒರೆಸಿಕೊಂಡ್ರೆ ಹೋಯ್ತು. ಅವಳದ್ದು ಜೀವ ತೆಗೀತಿತ್ತು."

ಸಾವ್ಕಾರರು ಮೊದಲು ಗಂಭೀರವಾಗಿಯೇ ಇದ್ದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಡಾಕ್ಟ್ರೇ, ನನ್ನನ್ನೇ ಗೋಣಿ ಮುಂದೆ ಕೂರಿಸಿದ್ರಲ್ಲ ಮಾರಾಯ್ರೇ! ಹೋಗ್ಲಿ, ಅವಳು ಕಾಫಿ ಸಸಿಗೆ ನೀರು ಹಾಕ್ಲಿ. ಕಣದ ಕಡೆ ಕಳಿಸ್ಬೇಡಿ ರೈಟರೇ." ರೈಟರು ಹೂಂ ಎಂದರು. ಮೆಟ್ಟಿಲು ಇಳಿಯುವಾಗ ನನ್ನ ಹತ್ತಿರ, "ನಿಮ್ಮಕ್ಕ ಭಾರೀ ಹುಷಾರಿದ್ದಾಳೆ ಬಿಡು, ಗೆದ್ದಳು" ಎಂದರು. ಅವರಿಗೆ ಅನುಮಾನ ಹೋಗಿರಲಿಲ್ಲ.

ನನಗೂ ಡಾಕ್ಟರ ಮೇಲಿನ ಅನುಮಾನ ಹೋಗಿರಲಿಲ್ಲ. ಉಸಿರು ಕಟ್ಟಿದಾಗ ನಾಲಿಗೆಯಡಿ ಇಟ್ಟುಕೊಳ್ಳಲು ಅವರು ಅಕ್ಕನಿಗೆ ಒಂದು ಸೀಸೆ ಗುಳಿಗೆ ಕೊಟ್ಟಿದ್ದರು. ಮೇಲೆ ಅಂಟಿಸಿದ್ದ ಕಾಗದದಲ್ಲಿ ಏನೋ ಬರೆದಿತ್ತು. ಒಮ್ಮೆ ಗೋಣಿಯಲ್ಲಿ ಬಟ್ಟೆ ತುಂಬಿದವರು, ಇನ್ನೊಮ್ಮೆ ಬಾಟಲಿಯಲ್ಲಿ ಕಾಫಿ ತುಂಬಿದವರು ಸೀಸೆಯಲ್ಲಿ ಏನು ತುಂಬಿದ್ದಾರೋ ಯಾರಿಗೆ ಗೊತ್ತು? ದವಾಖಾನೆಗೆ ಹೋಗಿ ಸೀಸೆಯನ್ನು ಮೇಜಿನ ಮೇಲಿಟ್ಟು, "ಇದ್ರಲ್ಲಿರೋದು ಗುಳ್ಗೇನೋ, ಸೀಮೆಸುಣ್ಣನೋ?" ಎಂದು ಕೇಳಿಯೇ ಬಿಟ್ಟೆ.

ಬಯ್ಯುತ್ತಾರೆ ಎಂದುಕೊಂಡಿದ್ದೆ. ಅವರ ಮುಖ ಅರಳಿತು. "ಇಷ್ಟು ವರ್ಷಕ್ಕೆ ನನ್ನ ಮೇಲೆ ಮುಖಕ್ಕೆ ಮುಖ ಅನುಮಾನ ಪಟ್ಟವ ನೀನೊಬ್ಬ. ಗುಳಿಗೆ ಅಂತ ನಾನು ಹೇಳಿದ್ರೆ ನಂಬ್ತೀಯಾ?"

"ಇಲ್ಲ."

"ನಂಬ್ಬೇಡ. ಓದ್ಲಿಕ್ಕೆ ಕಲಿ."

ಭಾನುವಾರಗಳಂದು ದವಾಖಾನೆಯ ಹಿಂದಿನ ಬೆಂಚಿನ ಮೇಲೆ ನನ್ನ ಅಕ್ಷರಾಭ್ಯಾಸ ನಡೆಯಿತು. ಮೊದಲು ಕನ್ನಡ, ಬಹಳ ಕಾಲದ ಮೇಲೆ ಆ ಸೀಸೆಯ ಇಂಗ್ಲಿಷು. ತಪ್ಪು ಓದಿದರೆ ಅವರು ತಿದ್ದುತ್ತಿರಲಿಲ್ಲ, ಕಿವಿ ಉಜ್ಜುತ್ತಾ "ಹೌದಾ? ಖಂಡಿತವಾ?" ಎನ್ನುತ್ತಿದ್ದರು. ನಾನು ಮತ್ತೆ ಅಕ್ಷರ ಅಕ್ಷರ ಹಿಡಿದು ಓದುತ್ತಿದ್ದೆ. ಜೊತೆಯವರು ಮಕ್ಕಳನ್ನು ಶಾಲೆಗೆ ಸೇರಿಸುವ ವಯಸ್ಸಿನಲ್ಲಿ ನಾನು ಪರೀಕ್ಷೆ ಕಟ್ಟಿ ಪಾಸಾದೆ, ಗೋಣಿಕೊಪ್ಪದಲ್ಲಿ ಗುಮಾಸ್ತನಾದೆ. ಸೀಸೆಯಲ್ಲಿ ಇದ್ದದ್ದು ಗುಳಿಗೆಯೇ.

ಅಕ್ಕನಿಗೆ ಅವರು ಇನ್ನೊಂದು ಅಭ್ಯಾಸವನ್ನೂ ಹಾಕಿಸಿದ್ದರು. ತೊಳೆದ ಖಾಲಿ ಗೋಣಿಯನ್ನು ದೂರದಲ್ಲಿಟ್ಟುಕೊಂಡು ಮೆಲ್ಲಗೆ ಉಸಿರು ಬಿಡುತ್ತಾ ಕೂರುವುದು. ಅಂದು ಉಸಿರು ಕಟ್ಟದಿದ್ದರೆ ಮುಂದಿನ ವಾರ ಅದನ್ನು ಸ್ವಲ್ಪ ಹತ್ತಿರ ತರುವುದು. ಕೊನೆಗೆ ಅವಳು ಆ ಗೋಣಿಯನ್ನೇ ಮಡಿಸಿ ಅದರ ಮೇಲೆ ಕೂತು ಸೊಪ್ಪು ಸೋಸುತ್ತಿದ್ದಳು. ಪೂರ್ತಿ ವಾಸಿಯಾಯಿತು ಎನ್ನಲಾರೆ. ನಿಜವಾದ ಧೂಳಿಗೆ, ಚಳಿಗೆ ಉಬ್ಬಸ ಬರುತ್ತಲೇ ಇತ್ತು. "ಎಷ್ಟು ಧೂಳಿದು, ಎಷ್ಟು ನರದ್ದು ಅಂತ ನನಗೂ ಸರಿಯಾಗಿ ಗೊತ್ತಿಲ್ಲ" ಎಂದು ಡಾಕ್ಟರು ಒಪ್ಪಿಕೊಳ್ಳುತ್ತಿದ್ದರು. ಆದರೆ ಬಂದಾಗ "ಬಂತು" ಎಂದು ನಾಚಿಕೆಯಿಲ್ಲದೆ ಹೇಳುವ ಧೈರ್ಯ ಅಕ್ಕನಿಗೆ ಬಂದಿತ್ತು.

ಕೊಡಗು ಮೈಸೂರಿಗೆ ಸೇರಿ ಎಷ್ಟೋ ಮಳೆಗಾಲ ಕಳೆದ ಮೇಲೆ ಡಾಕ್ಟರು ತೀರಿಕೊಂಡರು. ಬೆಳಿಗ್ಗೆ ಸುದ್ದಿ ಸಿಕ್ಕಿತು. ಅಕ್ಕನನ್ನು ಕರೆದುಕೊಂಡು ಶ್ರೀಮಂಗಲಕ್ಕೆ ಹೋದೆ. ತೋಟಗಳಿಂದ ಬಂದ ಜನ ರಸ್ತೆಯ ತನಕ ನಿಂತಿದ್ದರು. ದವಾಖಾನೆಯ ಕೋಣೆಯಲ್ಲೇ ಅವರನ್ನು ಮಲಗಿಸಿದ್ದರು, ಸ್ಟೆತಾಸ್ಕೋಪು ಮೊಳೆಯಲ್ಲಿ ತೂಗುತ್ತಿತ್ತು. ಎರಡೂ ಕಿವಿ ಒಂದೇ ಬಣ್ಣ ಇದ್ದವು.

ಊದುಬತ್ತಿಯ ಹೊಗೆಗೋ, ಮೊಳೆಯಲ್ಲಿದ್ದ ಸ್ಟೆತಾಸ್ಕೋಪನ್ನು ನೋಡಿಯೋ, ಅಕ್ಕ ಬಾಗಿಲಲ್ಲೇ ಎದೆ ಹಿಡಿದು ಕೂತುಬಿಟ್ಟಳು. ಭುಜ ಆಡತೊಡಗಿತು. ಜನ ಸರಿದು ಜಾಗ ಮಾಡಿದರು. ನಮ್ಮ ಹಳೇ ರೈಟರು ಗೋಡೆ ಹಿಡಿದು ನಿಂತಿದ್ದರು, ಬೆನ್ನು ಬಾಗಿತ್ತು, ಕೈಗೆ ಕೋಲು ಬಂದಿತ್ತು. ಪಕ್ಕದವರಿಗೆ ಮೆಲ್ಲಗೆ, "ಇವತ್ತೂ ಶುರು ಮಾಡಿದ್ಳಾ ಇವಳು?" ಎಂದದ್ದು ನನಗೆ ಕೇಳಿಸಿತು.

ಜೊತೆಯಲ್ಲೇ ತಂದಿದ್ದ ಗುಳಿಗೆಯನ್ನು ಅಕ್ಕನ ನಾಲಿಗೆಯಡಿ ಇಟ್ಟೆ. ಜೇಬಿನ ಕರವಸ್ತ್ರ ತೆಗೆದು ಅವಳ ಬೆನ್ನ ಮೇಲೆ ಹಾಸಿ ಬಲಗಿವಿ ಒತ್ತಿದೆ. ಆ ಜೀಪಿನ ದಿನ ಕೇಳಿದ್ದ ಕೊಳಲು ಅಲ್ಲೇ ಇತ್ತು.

ಎದ್ದು ರೈಟರ ಹತ್ತಿರ ಹೋದೆ. "ಬನ್ನಿ ರೈಟರೇ, ನನ್ನ ಮಾತು ನಂಬ್ಬೇಡಿ. ನೀವೇ ಕೇಳಿ."

ಅವರು ಸುತ್ತಲೂ ನೋಡಿದರು. ಅಕ್ಕ ತಲೆ ಎತ್ತದೆಯೇ, "ಬನ್ನಿ ಸೋಮಿ" ಎಂದಳು. ರೈಟರು ಕೋಲನ್ನು ನನ್ನ ಕೈಗೆ ಕೊಟ್ಟು, ನೆಲಕ್ಕೆ ಕೈಯೂರಿ ಕೂತು, ಕರವಸ್ತ್ರದ ಮೇಲೆ ಕಿವಿ ಇಟ್ಟು ಕಣ್ಣು ಮುಚ್ಚಿದರು. ಗುಳಿಗೆ ಕರಗಿ ಅಕ್ಕನ ಭುಜ ನಿಧಾನವಾಗಿ ಇಳಿಯುವವರೆಗೂ ಅವರು ಕಿವಿ ತೆಗೆಯಲಿಲ್ಲ.